ಕೂಡುವಾಗ ಇಲಿಯ ಮೆದುಳಿನ ಕೋಶಗಳು ಏನು ಮಾಡುತ್ತವೆ? ಫೈಬರ್ ಫೋಟೊಮೆಟ್ರಿ ಪ್ರಯೋಗಕ್ಕೊಂದು ಸಮಗ್ರ ಮಾರ್ಗದರ್ಶಿ

ಬೆದೆಗೆ ಬಂದ ಹೆಣ್ಣಿಲಿಯನ್ನು ಗಂಡಿನ ಪಂಜರಕ್ಕೆ ಬಿಟ್ಟರೆ ಏನಾಗುತ್ತದೆ? ಗಂಡು ಮೂಸುತ್ತದೆ, ಹಿಂದೆ ಹಿಂದೆ ಓಡುತ್ತದೆ, ನಮ್ಮ ಕಿವಿಗೆ ಕೇಳದ ಸ್ವರದಲ್ಲಿ ಹಾಡುತ್ತದೆ. ಆಮೇಲೆ ಹತ್ತುತ್ತದೆ, ಕೂಡುತ್ತದೆ. ಸ್ಖಲನವಾದ ಮೇಲೆ ಅದೇ ಹೆಣ್ಣು ಪಕ್ಕದಲ್ಲೇ ಓಡಾಡಿದರೂ ಹೆಚ್ಚು ಗಮನ ಕೊಡುವುದಿಲ್ಲ. ಈ ಸರಣಿಯನ್ನು ಅದಕ್ಕೆ ಯಾರೂ ಕಲಿಸಿಕೊಟ್ಟಿಲ್ಲ.

ಇದೆಲ್ಲ ನಡೆಯುತ್ತಿರುವಾಗಲೇ, ಪ್ರಾಣಿ ತನ್ನ ಪಾಡಿಗೆ ಓಡಾಡಿಕೊಂಡಿರುವಾಗಲೇ, ಮೆದುಳಿನ ಆಳದ ಒಂದು ಗುಂಪು ಕೋಶಗಳ ಚಟುವಟಿಕೆಯನ್ನು, ಒಳಗೆ ಇಳಿಸಿದ ಗಾಜಿನ ಎಳೆಯ (ಫೈಬರ್) ಮೂಲಕ, ಬೆಳಕಿನಿಂದ ಅಳೆಯಬಹುದು. ಈ ವಿಧಾನಕ್ಕೆ ಫೈಬರ್ ಫೋಟೊಮೆಟ್ರಿ ಅಂತ ಹೆಸರು. ನರವಿಜ್ಞಾನದ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ಮತ್ತು ಇಂಥ ಸಂಶೋಧನಾ ಲೇಖನ ಓದಿ "ಈ ಗ್ರಾಫ್ ಬಂದಿದ್ದು ಹೇಗೆ?" ಅಂತ ಕೇಳುವವರಿಗೆ ಈ ಬರಹ.

ಮೊದಲೇ ಒಂದು ಮಾತು. ಯಂತ್ರವನ್ನು ಓಡಿಸುವುದನ್ನು ಅದರ ಕೈಪಿಡಿಯೇ ಕಲಿಸುತ್ತದೆ. ಈ ಪ್ರಯೋಗಗಳು ಹೆಚ್ಚಾಗಿ ಕೆಡುವುದು ನಡವಳಿಕೆಯನ್ನು ಸರಿಯಾಗಿ ನೋಡದೆ ಇರುವುದರಿಂದ. ಅದಕ್ಕೇ ಇಲ್ಲಿ ಇಲಿಯನ್ನು ನೋಡುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇಲಿ ಅಂದರೆ ಇಲ್ಲಿ ಮೌಸ್. ರ‍್ಯಾಟ್ ಬಗ್ಗೆ ಹೇಳುವಾಗ ರ‍್ಯಾಟ್ ಅಂತಲೇ ಬರೆಯುತ್ತೇನೆ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ಕೂಡುವಾಗ ಮೆದುಳಿನಲ್ಲಿ ಏನಾಗುತ್ತದೆ" ಎನ್ನುವುದು ಪ್ರಯೋಗ ಮಾಡಬಹುದಾದ ಪ್ರಶ್ನೆಯಲ್ಲ. ಯಾವ ಜಾಗ, ಯಾವ ಕೋಶ, ಯಾವ ಕ್ಷಣ ಅಂತ ಹೇಳಬೇಕು.

ಜಾಗದ ವಿಷಯದಲ್ಲಿ ಹಳೆಯ ಕೆಲಸ ದಾರಿ ತೋರಿಸುತ್ತದೆ. 1960ರ ದಶಕದಲ್ಲಿ ಲೆನಾರ್ಟ್ ಹೈಮರ್ ಮತ್ತು ಕ್ನೂಟ್ ಲಾರ್ಸನ್ ಗಂಡು ರ‍್ಯಾಟ್‌ಗಳ ಮೆದುಳಿನ ತಳದಲ್ಲಿರುವ ಹೈಪೊಥಾಲಮಸ್‌ನ ಮುಂಭಾಗಕ್ಕೆ ಹಾನಿ ಮಾಡಿ ನೋಡಿದರು. ಮೀಡಿಯಲ್ ಪ್ರೀಆಪ್ಟಿಕ್ ಏರಿಯಾ, ಅಂದರೆ ಎಂಪಿಒಎ, ಇರುವುದು ಅಲ್ಲಿಯೇ. ಹಾನಿಯಾದ ಗಂಡುಗಳು ಕೂಡುವುದನ್ನು ನಿಲ್ಲಿಸಿದವು. 1980ರ ದಶಕದಲ್ಲಿ ಬ್ಯಾರಿ ಎವೆರಿಟ್ ಅವರ ಪ್ರಯೋಗಗಳಲ್ಲಿ ಇನ್ನೊಂದು ಸೂಕ್ಷ್ಮ ಕಂಡಿತು. ಎಂಪಿಒಎ ಹಾಳಾದ ಗಂಡು ರ‍್ಯಾಟ್, ಹೆಣ್ಣು ಸಿಗುತ್ತದೆ ಅಂದರೆ ಲಿವರ್ (ಸನ್ನೆಕೋಲು) ಒತ್ತುವುದನ್ನು ಬಿಡಲಿಲ್ಲ. ಹೆಣ್ಣು ಸಿಕ್ಕ ಮೇಲೆ ಕೂಡಲು ಮಾತ್ರ ಆಗಲಿಲ್ಲ. ಬಯಸುವುದು ಬೇರೆ, ಮಾಡುವುದು ಬೇರೆ. ನಿಮ್ಮ ಪ್ರಶ್ನೆ ಇವೆರಡರಲ್ಲಿ ಯಾವುದರ ಬಗ್ಗೆ ಅಂತ ಈಗಲೇ ತೀರ್ಮಾನಿಸಿ.

ಈ ಮಾರ್ಗದರ್ಶಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಗಂಡಿಲಿಯ ಎಂಪಿಒಎಯಲ್ಲಿ ಈಸ್ಟ್ರೊಜನ್ ಗ್ರಾಹಕ (ಆ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಇಎಸ್‌ಆರ್1 ಇರುವ ಕೋಶಗಳು, ಹೆಣ್ಣನ್ನು ಹತ್ತುವ ಕ್ಷಣದಲ್ಲಿ. ಗಂಡಿನಲ್ಲಿ ಈಸ್ಟ್ರೊಜನ್ ಗ್ರಾಹಕಕ್ಕೆ ಏನು ಕೆಲಸ ಅಂತ ಅನ್ನಿಸಬಹುದು. ಮೆದುಳಿನ ಒಳಗೆ ಟೆಸ್ಟೊಸ್ಟೆರೋನ್‌ನ ಒಂದು ಭಾಗ ಅರೊಮಟೇಸ್ ಎಂಬ ಕಿಣ್ವದಿಂದ ಈಸ್ಟ್ರೊಜನ್ ಆಗಿ ಬದಲಾಗುತ್ತದೆ. ಗಂಡಿನ ನಡವಳಿಕೆಯನ್ನು ರೂಪಿಸುವುದರಲ್ಲಿ ಅದಕ್ಕೂ ದೊಡ್ಡ ಪಾತ್ರವಿದೆ.

ಹಂತ 2: ಅನುಮತಿ

ಭಾರತದಲ್ಲಿ ಮಾಡುವುದಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಪಂಜರವನ್ನೂ ಮುಟ್ಟುವಂತಿಲ್ಲ. ಇದರ ಹಿಂದೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಅದರಡಿ ಸಿಸಿಎಸ್‌ಇಎ ಎಂಬ ಕೇಂದ್ರ ಸಮಿತಿ ಇದೆ. ವಂಶವಾಹಿ ಬದಲಿಸಿದ ಇಲಿ ಮತ್ತು ವೈರಸ್ ಬಳಸುವುದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಅರ್ಜಿಯಲ್ಲಿ ಪ್ರಾಣಿಗಳ ಸಂಖ್ಯೆಗೆ ಕಾರಣ ಬರೆಯಬೇಕಾಗುತ್ತದೆ. ಅದನ್ನು ಸುಮ್ನೆ ತುಂಬಬೇಡಿ. ಎಷ್ಟು ಇಲಿಯಲ್ಲಿ ಫೈಬರ್ ಜಾಗ ತಪ್ಪಬಹುದು, ಎಷ್ಟು ಗಂಡುಗಳು ಹತ್ತದೇ ಉಳಿಯಬಹುದು ಅಂತ ಯೋಚಿಸಿಯೇ ಬರೆಯಿರಿ.

ಹಂತ 3: ಪ್ರಾಣಿಗಳನ್ನು ಸಿದ್ಧ ಮಾಡುವುದು

ಇಲಿ ನಿಶಾಚರಿ. ಹಗಲು ಹೊತ್ತಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ ಅದು ಸಹಜವಾಗಿ ಕೂಡಬೇಕು ಅಂತ ಬಯಸುವುದು ತಪ್ಪು. ಕೋಣೆಯ ಬೆಳಕಿನ ಗಡಿಯಾರವನ್ನು ತಿರುಗಿಸಿ: ನಮ್ಮ ಹಗಲು ಅದಕ್ಕೆ ಕತ್ತಲು, 12 ಗಂಟೆ ಅದು, 12 ಗಂಟೆ ಇದು. ಹೊಸ ಗಡಿಯಾರಕ್ಕೆ ಹೊಂದಿಕೊಳ್ಳಲು ಒಂದೆರಡು ವಾರ ಬಿಡಿ. ಪ್ರಯೋಗವನ್ನು ಕತ್ತಲ ಹೊತ್ತಿನಲ್ಲಿ, ಮಂದ ಕೆಂಪು ದೀಪ ಅಥವಾ ಇನ್ಫ್ರಾರೆಡ್ ಬೆಳಕಿನಲ್ಲಿ ಮಾಡಿ. ಕೆಂಪು ಬೆಳಕು ಇಲಿಯ ಕಣ್ಣಿಗೆ ತೀರಾ ಮಂಕು.

ಹೆಣ್ಣಿನ ಬೆದೆಚಕ್ರ 4ರಿಂದ 5 ದಿನ. ಯೋನಿಯಿಂದ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಹಂತ ಅಂತ ಗೊತ್ತಾಗುತ್ತದೆ. ಬೆದೆಯ ಹೊತ್ತಿನಲ್ಲಿ ಚಪ್ಪಟೆಯಾದ, ಕೋಶಕೇಂದ್ರ ಕಾಣದ ಕೋಶಗಳೇ ತುಂಬಿರುತ್ತವೆ. ದಿನವೂ ಹೀಗೆ ನೋಡಿ ಕಾಯುವ ಬದಲು ಅನೇಕ ಲ್ಯಾಬ್‌ಗಳು ಅಂಡಾಶಯ ತೆಗೆದ ಹೆಣ್ಣಿಗೆ ಮೊದಲು ಈಸ್ಟ್ರೊಜನ್, ಪ್ರಯೋಗದ ದಿನ ಕೆಲವು ಗಂಟೆ ಮೊದಲು ಪ್ರೊಜೆಸ್ಟೆರೋನ್ ಕೊಟ್ಟು ಬೆದೆಗೆ ತರುತ್ತವೆ. ಯಾವ ದಾರಿಯಾದರೂ ಸರಿ, ಕೊನೆಗೆ ಪರೀಕ್ಷೆ ಒಂದೇ. ಬೇರೊಂದು ಅನುಭವಿ ಗಂಡು ಹತ್ತಿದಾಗ ಆ ಹೆಣ್ಣು ನಿಂತು ಬೆನ್ನು ಬಾಗಿಸಿ ಒಪ್ಪುತ್ತದೆಯೇ? ಒಪ್ಪದ ಹೆಣ್ಣನ್ನು ಅಂದು ಬಳಸಬೇಡಿ. ಓಡಿಹೋಗುವ, ಒದೆಯುವ ಹೆಣ್ಣಿನ ಜೊತೆ ಸಿಕ್ಕ ಸಿಗ್ನಲ್ ಕೂಡುವುದರ ಕಥೆ ಹೇಳುವುದಿಲ್ಲ.

ಗಂಡಿನ ಅನುಭವದ ವಿಷಯ ಇನ್ನೂ ಮುಖ್ಯ. 2017ರಲ್ಲಿ ಕ್ಯಾಲ್‌ಟೆಕ್‌ನ ಡೇವಿಡ್ ಆಂಡರ್ಸನ್ ಅವರ ತಂಡ ಹೈಪೊಥಾಲಮಸ್‌ನ ವಿಎಂಎಚ್‌ವಿಎಲ್ ಎಂಬ ಜಾಗದ ಕೋಶಗಳನ್ನು ಒಂದೊಂದಾಗಿ ನೋಡಿತು. ಅನುಭವವಿಲ್ಲದ ಗಂಡಿನಲ್ಲಿ, ಗಂಡನ್ನು ಕಂಡಾಗ ಏಳುವ ಕೋಶಗಳೂ ಹೆಣ್ಣನ್ನು ಕಂಡಾಗ ಏಳುವ ಕೋಶಗಳೂ ಬಹಳ ಮಟ್ಟಿಗೆ ಬೆರೆತಿದ್ದವು. ಸಾಮಾಜಿಕ, ಲೈಂಗಿಕ ಅನುಭವವಾದ ಮೇಲೆ ಅವು ಬೇರೆ ಬೇರೆ ಗುಂಪುಗಳಾದವು. ಅಂದರೆ ನೀವು ಅಳೆಯುತ್ತಿರುವ ಕೋಶವೇ ಅನುಭವದಿಂದ ಬದಲಾಗುತ್ತದೆ. ಅನುಭವ ಇರುವ, ಇಲ್ಲದಿರುವ ಗಂಡುಗಳನ್ನು ಒಂದೇ ಗುಂಪಿಗೆ ಸೇರಿಸಿದರೆ ಸರಾಸರಿಗೆ ಅರ್ಥವೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಪ್ರತಿ ಗಂಡಿಗೂ ಒಂದೇ ಬಗೆಯ ಅನುಭವ ಕೊಡಿ, ಹತ್ತಿದ್ದನ್ನು ಕಣ್ಣಾರೆ ನೋಡಿ ಬರೆದಿಟ್ಟುಕೊಳ್ಳಿ.

ಇನ್ನೊಂದು: ಸ್ಖಲನವಾದ ಮೇಲೆ ಗಂಡಿಲಿ ಬೇಗ ಮತ್ತೆ ಸಿದ್ಧವಾಗುವುದಿಲ್ಲ. ಲ್ಯಾಬ್‌ಗಳಲ್ಲಿ ಬಳಕೆಯ ಬ್ಲ್ಯಾಕ್ ಸಿಕ್ಸ್ ತಳಿಯಲ್ಲಿ ಆಸಕ್ತಿ ಪೂರ್ತಿ ಮರಳಲು ಹಲವು ದಿನ ಬೇಕು. ರ‍್ಯಾಟ್ ಹಾಗಲ್ಲ, ಮೊದಲ ಸ್ಖಲನದ ಮೇಲೆ ಸುಮಾರು ಐದು ನಿಮಿಷಕ್ಕೆ ಮತ್ತೆ ಶುರು ಮಾಡುತ್ತದೆ. ಎರಡು ದಾಖಲಾತಿಗಳ ನಡುವೆ ಒಂದು ವಾರ ಬಿಡುವುದು ಒಳ್ಳೆಯದು.

ಹಂತ 4: ಸಂವೇದಕ ಮತ್ತು ಫೈಬರ್

ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ನಮ್ಮ ಸಂವೇದಕವಾದ ಜಿಕ್ಯಾಂಪ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದಾಗ ಹಸಿರಾಗಿ ಹೊಳೆಯುತ್ತದೆ. 2013ರಲ್ಲಿ ಬಂದ ಜಿಕ್ಯಾಂಪ್6 ಈ ಕ್ಷೇತ್ರವನ್ನೇ ಬದಲಿಸಿತು. ಅದರ 6ಎಸ್ ರೂಪ ಜೋರಾಗಿ ಹೊಳೆಯುತ್ತದೆ, ಆದರೆ ನಿಧಾನಕ್ಕೆ ಆರುತ್ತದೆ. 6ಎಫ್ ಬೇಗ ಆರುತ್ತದೆ. ಇಲಿ ಕೂಡುವುದು ಒಂದೊಂದು ಸರದಿಗೆ ಹಲವು ಸೆಕೆಂಡ್ ನಡೆಯುವುದರಿಂದ 6ಎಸ್ ಸಾಕು. ರ‍್ಯಾಟ್‌ನಲ್ಲಿ ಹತ್ತುವುದು ಇಳಿಯುವುದು ಕ್ಷಣಮಾತ್ರದ ಕೆಲಸ, ಅಲ್ಲಿ ವೇಗದ ಸಂವೇದಕವೇ ಬೇಕು.

ಇಎಸ್‌ಆರ್1 ಕೋಶಗಳಲ್ಲಿ ಮಾತ್ರ ಕ್ರೀ ಎಂಬ ಕಿಣ್ವ ತಯಾರಿಸುವ ಇಲಿ ತಳಿ ಇದೆ. ಕ್ರೀ ಇದ್ದಲ್ಲಿ ಮಾತ್ರ ತೆರೆದುಕೊಳ್ಳುವ ಜಿಕ್ಯಾಂಪ್ ವಂಶವಾಹಿಯನ್ನು ವಂಶವಾಹಿ ಸಾಗಿಸಲು ಬಳಸುವ ಎಎವಿ ವೈರಸ್‌ನೊಳಗೆ ತುಂಬಿ ಎಂಪಿಒಎಗೆ ಹಾಕಬೇಕು. ಈ ಜಾಗ ಮಧ್ಯರೇಖೆಯಿಂದ ಸುಮಾರು 0.3 ಮಿ.ಮೀ. ಬದಿಗೆ, ಸುಮಾರು 5 ಮಿ.ಮೀ. ಆಳದಲ್ಲಿದೆ. ಅಷ್ಟು ಆಳದಲ್ಲಿ ತಲೆ ಒಂದಿಷ್ಟು ಓರೆಯಾಗಿ ಕೂತರೂ ಸೂಜಿ ಪಕ್ಕದ ಜಾಗಕ್ಕೆ ಹೋಗುತ್ತದೆ. ಆದ್ದರಿಂದ ತಲೆಬುರುಡೆಯನ್ನು ಮುಂದೆ ಹಿಂದೆ, ಎಡ ಬಲ ಎರಡೂ ಕಡೆ ಮಟ್ಟ ಮಾಡುವುದಕ್ಕೆ ಎಷ್ಟು ಹೊತ್ತಾದರೂ ಕೊಡಿ. ವೈರಸ್ಸನ್ನು ನಿಧಾನವಾಗಿ ಬಿಡಿ. ಬಿಟ್ಟ ಮೇಲೆ ಸೂಜಿಯನ್ನು ಹತ್ತು ನಿಮಿಷ ಅಲ್ಲೇ ಇರಿಸಿ, ಇಲ್ಲದಿದ್ದರೆ ಸೂಜಿಯ ದಾರಿಯಲ್ಲೇ ಅದು ಮೇಲೆ ಬರುತ್ತದೆ. ಆಮೇಲೆ ಕೂದಲಿಗಿಂತ ದಪ್ಪದ, 200 ಅಥವಾ 400 ಮೈಕ್ರಾನ್ ಅಡ್ಡಗಲದ ಗಾಜಿನ ಫೈಬರನ್ನು ವೈರಸ್ ಹಾಕಿದ ಜಾಗಕ್ಕೆ ತುಸು ಮೇಲೆ ಇಳಿಸಿ ಡೆಂಟಲ್ ಸಿಮೆಂಟಿನಲ್ಲಿ ಕೂರಿಸಬೇಕು.

ನೋವಿನ ಔಷಧಿಯನ್ನು ಪಶುವೈದ್ಯರು ಹೇಳಿದ ಹಾಗೆ, ಹೇಳಿದಷ್ಟು ದಿನ ತಪ್ಪದೆ ಕೊಡಿ. ಇದು ಮೊದಲು ಪ್ರಾಣಿಗೆ ನಾವು ಸಲ್ಲಿಸಬೇಕಾದದ್ದು. ವಿಜ್ಞಾನಕ್ಕೂ ಅದೇ ಬೇಕು, ನೋವಿನಲ್ಲಿರುವ ಗಂಡು ಹೆಣ್ಣಿನ ಹತ್ತಿರ ಹೋಗುವುದಿಲ್ಲ. ಜಿಕ್ಯಾಂಪ್ ಚೆನ್ನಾಗಿ ತುಂಬಿಕೊಳ್ಳಲು ಸುಮಾರು ಮೂರು ವಾರ ಬೇಕು.

ಕೆಲವು ಗಂಡುಗಳಿಗೆ ಜಿಕ್ಯಾಂಪ್ ಬದಲು ಬರೀ ಜಿಎಫ್‌ಪಿ ಎಂಬ ಹಸಿರು ಹೊಳಪಿನ ಪ್ರೋಟೀನ್ ಹಾಕಿ. ಜಿಎಫ್‌ಪಿ ಕ್ಯಾಲ್ಸಿಯಂಗೆ ಸ್ಪಂದಿಸುವುದಿಲ್ಲ. ಹತ್ತುವಾಗ ಅದರಲ್ಲೂ ಏರಿಳಿತ ಕಂಡರೆ ಅದು ಫೈಬರ್ ಅಲುಗಾಟದ್ದು ಅಥವಾ ರಕ್ತದ ಹರಿವಿನದ್ದು. ಕೂಡುವ ಪ್ರಾಣಿ ಮೈಯೆಲ್ಲ ಅಲುಗಾಡಿಸುತ್ತದೆ, ಅಲ್ವಾ? ಹಾಗಾಗಿ ಈ ಹೋಲಿಕೆಯ ಗುಂಪು ಇಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಹಂತ 5: ದಾಖಲಿಸುವ ದಿನ

ಎರಡು ಬಣ್ಣದ ಬೆಳಕು ಬೇಕು. 470 ನ್ಯಾನೊಮೀಟರ್‌ನ ನೀಲಿ ಬೆಳಕಿಗೆ ಬರುವ ಹೊಳಪು ಕ್ಯಾಲ್ಸಿಯಂ ಜೊತೆ ಏರಿಳಿಯುತ್ತದೆ. 405ರ ನೇರಳೆ ಬೆಳಕಿಗೆ ಬರುವ ಹೊಳಪು ಕ್ಯಾಲ್ಸಿಯಂ ಮೇಲೆ ಹೆಚ್ಚು ಅವಲಂಬಿಸುವುದಿಲ್ಲ, ಆದ್ದರಿಂದ ಅದು ಅಲುಗಾಟವನ್ನು ಹಿಡಿಯಲು ಬರುತ್ತದೆ. ಫೈಬರ್ ತುದಿಯಲ್ಲಿ ಬೆಳಕು ಕೆಲವು ಹತ್ತು ಮೈಕ್ರೊವ್ಯಾಟ್ ಮೀರದಿರಲಿ. ಜಾಸ್ತಿ ಮಾಡಿದರೆ ಹೊಳಪು ಬೇಗ ಮಾಸುತ್ತದೆ.

ತಲೆಗೆ ಕೇಬಲ್ ಸಿಕ್ಕಿಸಿಕೊಂಡು ಓಡಾಡುವುದು ಇಲಿಗೆ ರೂಢಿಯಾಗಬೇಕು. ಕೆಲವು ದಿನ ಹೆಣ್ಣಿಲ್ಲದೆ ಸುಮ್ನೆ ಕೇಬಲ್ ಹಾಕಿ ಬಿಡಿ. ದಾಖಲಾತಿ ಗಂಡಿನ ಸ್ವಂತ ಪಂಜರದಲ್ಲೇ ಆಗಲಿ. ಹಾಸನ್ನು ಹಿಂದಿನ ದಿನ ಬದಲಿಸಬೇಡಿ, ತನ್ನ ವಾಸನೆ ಇದ್ದಲ್ಲಿ ಗಂಡಿಗೆ ಧೈರ್ಯ.

ಮೇಲಿನಿಂದ ಒಂದು, ಪಕ್ಕದಿಂದ ಒಂದು ಕ್ಯಾಮೆರಾ ಇಡಿ. ಮೇಲಿನ ಕ್ಯಾಮೆರಾದಲ್ಲಿ ಸೊಂಟ ಕಾಣುವುದಿಲ್ಲ. ವಿಡಿಯೊ ಮತ್ತು ಸಿಗ್ನಲ್ ಒಂದೇ ಗಡಿಯಾರದಲ್ಲಿ ಓಡಬೇಕು. ಕ್ಯಾಮೆರಾಗೆ ಕಾಣುವ ಹಾಗೆ ಒಂದು ಇನ್ಫ್ರಾರೆಡ್ ಎಲ್‌ಇಡಿ ಆಗಾಗ ಮಿನುಗಲಿ, ಅದೇ ಮಿನುಗು ಸಿಗ್ನಲ್ ಫೈಲಿನಲ್ಲೂ ದಾಖಲಾಗಲಿ. ಇದರ ಜೊತೆಗೆ ಅಲ್ಟ್ರಾಸೋನಿಕ್ ಮೈಕ್ ಬೇಕೇ ಬೇಕು. ಗಂಡಿಲಿಯ ಹಾಡು ಹೆಚ್ಚಾಗಿ 50ರಿಂದ 100 ಕಿಲೊಹರ್ಟ್ಜ್ ನಡುವೆ ಇರುತ್ತದೆ, ನಮಗೆ ಕೇಳುವುದು 20ರವರೆಗೆ ಮಾತ್ರ. ಸೆಕೆಂಡಿಗೆ 2 ಲಕ್ಷಕ್ಕಿಂತ ಜಾಸ್ತಿ ಸಲ ಮಾದರಿ ತೆಗೆಯುವ ಮೈಕ್ ಆಗಬೇಕು. ಮೈಕ್ ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹೆಣ್ಣನ್ನು ಬಿಡುವ ಮೊದಲು ಕನಿಷ್ಠ ಐದು ನಿಮಿಷ ಗಂಡನ್ನು ಒಂಟಿಯಾಗಿ ದಾಖಲಿಸಿ. ನಿಮ್ಮ ಮೂಲ ಮಟ್ಟ ಇದೇ. ಹೋಲಿಕೆಗೆ ಬೇರೆ ದಿನಗಳಲ್ಲಿ ಬೇರೊಂದು ಗಂಡು, ಒಂದು ಬೊಂಬೆ ಇಲಿ, ಇಷ್ಟದ ತಿನಿಸು ಇವನ್ನೂ ಕೊಟ್ಟು ನೋಡಿ.

ಹಂತ 6: ಇಲಿಯನ್ನು ಫ್ರೇಮ್ ಫ್ರೇಮ್ ನೋಡುವುದು

ಇಡೀ ಪ್ರಯೋಗದ ಜೀವ ಇರುವುದು ಇಲ್ಲಿ. ಸಿಗ್ನಲ್ ಫೈಲನ್ನು ಮುಚ್ಚಿಡಿ. ಗುರುತು ಹಾಕುವವರಿಗೆ ಅದು ಕಾಣಲೇ ಬಾರದು. ಕಂಡರೆ ಏರಿಕೆ ಇದ್ದಲ್ಲೇ ಹತ್ತುವುದು ಶುರುವಾಯಿತು ಅಂತ ಕಣ್ಣು ತಾನಾಗಿ ಒಪ್ಪಿಕೊಂಡುಬಿಡುತ್ತದೆ.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಗಂಡು ಹಿಂದಿನಿಂದ ಬಂದು ಹೆಣ್ಣಿನ ಬಾಲದ ಬುಡ ಮೂಸುತ್ತದೆ. ತಲೆಯನ್ನು ಅದರ ಬೆನ್ನ ಮೇಲೆ ಇಡುತ್ತದೆ. ಮುಂಗಾಲುಗಳು ಹೆಣ್ಣಿನ ಪಕ್ಕೆಯನ್ನು ತಬ್ಬುತ್ತವೆ. ಹತ್ತುವುದು ಶುರುವಾಯಿತು ಅಂತ ಗುರುತು ಹಾಕಬೇಕಾದ್ದು ಈ ಫ್ರೇಮಿಗೆ. ಕೂಡಲೇ ಸೊಂಟ ಬಲು ವೇಗವಾಗಿ, ಆಳವಿಲ್ಲದೆ ಅಲುಗುತ್ತದೆ. ಗಂಡು ಜಾರಿ ಇಳಿದುಬಿಡಬಹುದು, ಆಗ ಅದು ಬರೀ ಹತ್ತಿದ್ದು. ಅಥವಾ ಆ ವೇಗದ ಅಲುಗಾಟ ಇದ್ದಕ್ಕಿದ್ದಂತೆ ನಿಧಾನವಾಗಿ, ಆಳವಾಗಿ, ಒಂದೇ ತಾಳಕ್ಕೆ ಬೀಳುತ್ತದೆ. ಒಳಗೆ ಪ್ರವೇಶವಾಗಿದೆ ಅಂತ ತಿಳಿಯುವುದು ಈ ಬದಲಾವಣೆಯಿಂದಲೇ. ಇಂಥ ಸರದಿಗಳು ಹಲವು ಸಲ ನಡೆದ ಮೇಲೆ ಒಂದು ಸಲ ಗಂಡು ಬಿಗಿಯಾಗಿ ಸೆಟೆದು ನಿಲ್ಲುತ್ತದೆ, ಹೆಣ್ಣನ್ನು ತಬ್ಬಿಕೊಂಡೇ ಪಕ್ಕಕ್ಕೆ ಉರುಳುತ್ತದೆ. ಅದೇ ಸ್ಖಲನ. ಆಮೇಲೆ ಹೆಣ್ಣಿನಲ್ಲಿ ಗಟ್ಟಿಯಾದ ವೀರ್ಯದ ಬಿರಡೆ ಇದೆಯೇ ಅಂತ ನೋಡಿ ಖಚಿತ ಮಾಡಿಕೊಳ್ಳಿ.

ಈ ವ್ಯಾಖ್ಯೆಗಳನ್ನು ಬರೆದು ಗೋಡೆಗೆ ಅಂಟಿಸಿ. ಇಬ್ಬರು ಬೇರೆ ಬೇರೆಯಾಗಿ ಅದೇ ವಿಡಿಯೊಗೆ ಗುರುತು ಹಾಕಲಿ, ಎಲ್ಲೆಲ್ಲಿ ಒಪ್ಪಲಿಲ್ಲ ಅಂತ ಕೂತು ಮಾತಾಡಲಿ. ಗುರುತು ಹಾಕಲು ಬೋರಿಸ್ ಎಂಬ ಉಚಿತ ತಂತ್ರಾಂಶವಿದೆ. ಮೈಯ ಭಾಗಗಳನ್ನು ತಾನಾಗಿ ಹಿಂಬಾಲಿಸಲು 2018ರಲ್ಲಿ ಬಂದ ಡೀಪ್‌ಲ್ಯಾಬ್‌ಕಟ್ ಇದೆ. ಆದರೆ ಎರಡು ಇಲಿ ಒಂದರ ಮೇಲೊಂದು ಇರುವಾಗಲೇ ಇಂಥ ತಂತ್ರಾಂಶ ಜಾಸ್ತಿ ತಪ್ಪುತ್ತದೆ, ನಮಗೆ ಬೇಕಾದ ಕ್ಷಣವೂ ಅದೇ. ಆ ಫ್ರೇಮುಗಳನ್ನು ಮನುಷ್ಯರೇ ನೋಡಬೇಕು.

ಈಗ ಮೈಕ್ ವಿಷಯ. ಗಂಡಿಲಿ ಇನ್ನೊಂದು ಗಂಡನ್ನೂ ಹತ್ತುತ್ತದೆ. ವಿಡಿಯೊದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ. 2021ರಲ್ಲಿ ಆಂಡರ್ಸನ್ ಅವರ ಲ್ಯಾಬ್‌ನಿಂದ, ಟೊಮೊಮಿ ಕರಿಗೊ ಮೊದಲ ಲೇಖಕಿಯಾಗಿ, ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹೆಣ್ಣನ್ನು ಹತ್ತುವಾಗ ಗಂಡು ಹಾಡುತ್ತದೆ, ಗಂಡನ್ನು ಹತ್ತುವಾಗ ಸಾಮಾನ್ಯವಾಗಿ ಹಾಡುವುದಿಲ್ಲ. ಹಾಡಿನ ಜೊತೆ ಹತ್ತುವುದರ ಹಿಂದೆ ಎಂಪಿಒಎ ಕೋಶಗಳು, ಹಾಡಿಲ್ಲದೆ ಹತ್ತುವುದರ ಹಿಂದೆ ಜಗಳಕ್ಕೆ ಸಂಬಂಧಿಸಿದ ವಿಎಂಎಚ್‌ವಿಎಲ್ ಕೋಶಗಳು ಇರುವುದನ್ನು ಅವರು ತೋರಿಸಿದರು. ಒಂದೇ ಭಂಗಿ, ಒಳಗೆ ಎರಡು ಬೇರೆ ಸ್ಥಿತಿ. ಮೈಕ್ ಇಲ್ಲದಿದ್ದರೆ ಈ ಎರಡೂ ನಿಮ್ಮ ಟೇಬಲ್‌ನಲ್ಲಿ "ಹತ್ತುವುದು" ಎಂಬ ಒಂದೇ ಕಾಲಂಗೆ ಹೋಗುತ್ತಿದ್ದವು.

ಹಂತ 7: ಸಿಗ್ನಲ್ ಶುದ್ಧ ಮಾಡುವುದು

ಮೊದಲು 405 ಮತ್ತು 470ರ ಗೆರೆಗಳನ್ನು ಕಚ್ಚಾ ರೂಪದಲ್ಲೇ ಒಂದರ ಕೆಳಗೊಂದು ಇಟ್ಟು ನೋಡಿ. ಎರಡೂ ಒಟ್ಟಿಗೆ ಕುಸಿದರೆ ಕೇಬಲ್ ಜಗ್ಗಿದೆ ಅಂತ. ಆಮೇಲೆ 405ರ ಗೆರೆಯನ್ನು 470ರ ಗೆರೆಗೆ ಹೊಂದಿಸಿ, ಅದನ್ನು ಕಳೆದು, ಅದರಿಂದಲೇ ಭಾಗಿಸಿ. ಡೆಲ್ಟಾ ಎಫ್ ಬೈ ಎಫ್ ಅನ್ನುವುದು ಇದನ್ನೇ.

ಮೂಲ ಮಟ್ಟವನ್ನು ಹೆಣ್ಣು ಬರುವ ಮೊದಲಿನ ನಿಮಿಷಗಳಿಂದಲೇ ತೆಗೆದುಕೊಳ್ಳಿ. ಎರಡು ಸರದಿಗಳ ನಡುವಿನ ಹೊತ್ತನ್ನು ಮೂಲ ಅಂತ ಹಿಡಿದರೆ, ಹೆಣ್ಣು ಪಂಜರಕ್ಕೆ ಬಂದಾಗಿನಿಂದ ಒಳಗೊಳಗೇ ಏರಿ ಕೂತಿರುವ ಮಟ್ಟ ಕಣ್ಣಿಗೆ ಬೀಳುವುದೇ ಇಲ್ಲ.

ಲೆಕ್ಕದ ಬಗ್ಗೆ ಒಂದೇ ಮಾತು. 6 ಇಲಿಗಳು ತಲಾ 20 ಸಲ ಹತ್ತಿದರೆ ನಿಮ್ಮ ಮಾದರಿಯ ಗಾತ್ರ 120 ಅಲ್ಲ, 6.

ಹಂತ 8: ಗ್ರಾಫ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಲ್ಲ ಸರದಿಗಳನ್ನೂ ಹತ್ತಿದ ಕ್ಷಣಕ್ಕೆ ಸೊನ್ನೆ ಇಟ್ಟು ಜೋಡಿಸಿದಾಗ, ಆ ಹೊತ್ತಿಗೆ ಚಂದದ ಏರಿಕೆ ಕಾಣುತ್ತದೆ ಅಂದುಕೊಳ್ಳಿ. ಅಷ್ಟಕ್ಕೇ "ಹತ್ತುವ ಕೋಶ ಸಿಕ್ಕಿತು" ಅಂತ ಬರೆಯಬೇಡಿ. ಹತ್ತುವ ಮೊದಲು ಗಂಡು ಯಾವಾಗಲೂ ಮೂಸಿರುತ್ತದೆ. ಆ ಏರಿಕೆ ಮೂಸಿದ್ದರದ್ದೂ ಆಗಿರಬಹುದಲ್ವಾ? ಮೂಸಿ ಹತ್ತಿದ ಸರದಿಗಳನ್ನೂ ಮೂಸಿ ಸುಮ್ಮನೆ ತಿರುಗಿಹೋದ ಸರದಿಗಳನ್ನೂ ಬೇರೆ ಮಾಡಿ ಪಕ್ಕಪಕ್ಕ ಇಡಿ. ಎರಡೂ ಗೆರೆ ಎಲ್ಲಿ ಕವಲೊಡೆಯುತ್ತವೆ ಅಂತ ನೋಡಿ. ಇಳಿಯುವ ಕ್ಷಣಕ್ಕೆ ಸೊನ್ನೆ ಇಟ್ಟು ಇನ್ನೊಂದು ಗ್ರಾಫ್ ಮಾಡಿ. ಗುರುತುಗಳನ್ನು ಕಾಲದಲ್ಲಿ ಮನಬಂದಂತೆ ಸರಿಸಿ ಮತ್ತೆ ಲೆಕ್ಕ ಹಾಕಿ. ಆಗಲೂ ಏರಿಕೆ ಉಳಿದರೆ ನಿಮ್ಮ ಲೆಕ್ಕದಲ್ಲೇ ದೋಷವಿದೆ.

ಫೋಟೊಮೆಟ್ರಿ ಕೊಡುವುದು ಗುಂಪಿನ ಮೊತ್ತ. ಊರಾಚೆ ನಿಂತು ಜಾತ್ರೆಯ ಗದ್ದಲ ಕೇಳಿದ ಹಾಗೆ: ಜೋರಾಯಿತು ಅಂತ ಗೊತ್ತಾಗುತ್ತದೆ, ಯಾರು ಕೂಗಿದರು ಅಂತ ಗೊತ್ತಾಗುವುದಿಲ್ಲ. ಅರ್ಧ ಕೋಶಗಳು ಏರಿ ಅರ್ಧ ಇಳಿದರೆ ಗ್ರಾಫ್ ಚಪ್ಪಟೆ. ಒಂದೊಂದು ಕೋಶವೂ ಬೇಕು ಅಂದರೆ ತಲೆಯ ಮೇಲೆ ಹೊರುವ ಪುಟ್ಟ ಸೂಕ್ಷ್ಮದರ್ಶಕ, ಮಿನಿಸ್ಕೋಪ್‌ಗೆ ಹೋಗಬೇಕು.

ಗ್ರಾಫನ್ನು ಸ್ಖಲನಕ್ಕೇ ನಿಲ್ಲಿಸಬೇಡಿ. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಚೀನಾದ ಸಂಶೋಧಕರ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಬಿಎನ್‌ಎಸ್‌ಟಿ ಎಂಬ ಭಾಗದಲ್ಲಿ ಇನ್ನೊಂದು ಈಸ್ಟ್ರೊಜನ್ ಗ್ರಾಹಕ ಇಎಸ್‌ಆರ್2 ಇರುವ ಕೋಶಗಳು ಸ್ಖಲನದ ಹೊತ್ತಿಗೆ ಎದ್ದು, ಆಮೇಲೂ ದೀರ್ಘಕಾಲ ಕೆರಳಿದ ಸ್ಥಿತಿಯಲ್ಲೇ ಇರುತ್ತವೆ, ಕೂಡುವ ಆಸೆಯನ್ನು ತಗ್ಗಿಸುತ್ತವೆ. ಸ್ಖಲನವಾದ ಕೂಡಲೇ ದಾಖಲಾತಿ ನಿಲ್ಲಿಸಿ ಕೇಬಲ್ ಬಿಚ್ಚುವವರಿಗೆ ಇದು ಸಿಗುತ್ತಲೇ ಇರಲಿಲ್ಲ.

ಹೆಣ್ಣಿನ ಮೆದುಳನ್ನೂ ಇದೇ ದಾರಿಯಲ್ಲಿ ನೋಡಬಹುದು, ನೋಡಬೇಕು ಕೂಡ. ಈ ಕ್ಷೇತ್ರ ಬಹಳ ಕಾಲ ಗಂಡನ್ನೇ ನೋಡುತ್ತಾ ಹೆಣ್ಣನ್ನು ಬರೀ ಪ್ರಚೋದಕವಾಗಿ ಬಳಸಿತು. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ದಾಯು ಲಿನ್ ಅವರ ತಂಡ ಹೆಣ್ಣಿನ ವಿಎಂಎಚ್‌ವಿಎಲ್‌ನ ಒಂದು ಕೋಶ ಗುಂಪನ್ನು ನೋಡಿತು. ಅವು ಗಂಡಿಗೆ ಸ್ಪಂದಿಸುವ ರೀತಿಯೇ ಬೆದೆಚಕ್ರದ ಜೊತೆ ಬದಲಾಗುತ್ತಿತ್ತು.

ಹಂತ 9: ಫೈಬರ್ ಎಲ್ಲಿತ್ತು, ಕೋಶಕ್ಕೆ ಕಾರಣದ ಪಾತ್ರ ಇದೆಯೇ

ದಾಖಲಾತಿ ಎಲ್ಲ ಮುಗಿದ ಮೇಲೆ ಮೆದುಳನ್ನು ತೆಳುವಾಗಿ ಕತ್ತರಿಸಿ ಫೈಬರಿನ ಗುರುತು ಮತ್ತು ಹಸಿರು ಕೋಶಗಳ ಜಾಗ ನೋಡಬೇಕು. ಜಾಗ ತಪ್ಪಿದ ಇಲಿಯನ್ನು ಕೈಬಿಡುವ ನಿಯಮವನ್ನು ಸಿಗ್ನಲ್ ನೋಡುವ ಮೊದಲೇ ಬರೆದಿಟ್ಟಿರಿ. ಕೈಬಿಟ್ಟವುಗಳ ಸಂಖ್ಯೆಯನ್ನೂ ಪ್ರಬಂಧದಲ್ಲಿ ಹೇಳಿ.

ಸಿಗ್ನಲ್ ಏರಿತು ಅಂದ ಮಾತ್ರಕ್ಕೆ ಆ ಕೋಶಗಳೇ ಹತ್ತಿಸಿದವು ಅಂತ ಅಲ್ಲ. ಅದಕ್ಕೆ ಆಪ್ಟೊಜೆನೆಟಿಕ್ಸ್ ಬೇಕು: ಅದೇ ಕೋಶಗಳಿಗೆ ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ಹಾಕಿ, ಬೆಳಕು ಹಾಯಿಸಿ ಅವನ್ನು ಎಬ್ಬಿಸಬೇಕು, ಬೇರೆ ಗುಂಪಿನಲ್ಲಿ ಅವನ್ನು ತಡೆಯಬೇಕು. 2021ರ ಅದೇ ಅಧ್ಯಯನದಲ್ಲಿ ಎಂಪಿಒಎಯ ಇಎಸ್‌ಆರ್1 ಕೋಶಗಳಲ್ಲಿ ಪ್ರತಿಬಂಧಕ ಬಗೆಯವನ್ನು, ಅಂದರೆ ಬೇರೆ ಕೋಶಗಳನ್ನು ತಣ್ಣಗಾಗಿಸುವವನ್ನು, ಎಬ್ಬಿಸಿದಾಗ, ಗಂಡು ಎದುರಿನ ಗಂಡಿನ ಮೇಲೆ ದಾಳಿ ಮಾಡುವುದನ್ನು ಬಿಟ್ಟು ಹಾಡುತ್ತಾ ಹತ್ತಲು ಹೋಯಿತು. ಆ ತೀರ್ಮಾನ ನಿಂತಿರುವುದು ಹಾಡು ದಾಖಲಾಗಿದ್ದರಿಂದ. ಹಾಗಾಗಿ ಈ ಹಂತದಲ್ಲೂ ಮೈಕ್ ಆನ್ ಇರಲಿ. ಬೆಳಕು ಹಾಯಿಸಿದ ಮತ್ತು ಹಾಯಿಸದ ಸರದಿಗಳನ್ನು ಬೆರೆಸಿ ನಡೆಸಿ. ಬೆಳಕಿಗೆ ಸ್ಪಂದಿಸದ ಪ್ರೋಟೀನ್ ಹಾಕಿದ ಇಲಿಗಳಿಗೂ ಅಷ್ಟೇ ಬೆಳಕು ಕೊಡಿ. ವಿಡಿಯೊಗೆ ಗುರುತು ಹಾಕುವವರಿಗೆ ಯಾವ ಸರದಿಯಲ್ಲಿ ಬೆಳಕಿತ್ತು, ಯಾವ ಇಲಿ ಯಾವ ಗುಂಪಿನದು ಅನ್ನುವ ಪಟ್ಟಿಯನ್ನು ಕೆಲಸ ಪೂರ್ತಿ ಮುಗಿಯುವ ತನಕ ಕೊಡಬೇಡಿ.